ತಾಳೆಯಾಗದ ಉತ್ತರಗಳು

ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತರನ್ನುಮಳ ರಿಪೇರಿ ಅಂಗಡಿ ಇದೆ. ಮೊದಲು ಅದು ಅವಳ ತಂದೆ ನಬಿಸಾಬರದು. ಮೂವತ್ತೈದು ವರ್ಷ ರೇಡಿಯೊ ಬಿಚ್ಚಿ ಕೂಡಿಸಿದ ಮನುಷ್ಯ. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟರೂ ಅಂಗಡಿ ಬಿಡಲಿಲ್ಲ. ದಿನಾ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮಿಕ್ಸರು, ಟಿವಿ, ಮೊಬೈಲು ಎಲ್ಲ ಈಗ ಮಗಳ ಕೈಯಲ್ಲೇ. ನಲವತ್ತು ದಾಟಿದ ತರನ್ನುಮಳಿಗೆ ಒಂದು ಚಟ. ಕೆಟ್ಟದ್ದನ್ನು ಸರಿಮಾಡಿದರೆ ಸಾಲದು, ಯಾಕೆ ಕೆಟ್ಟಿತೆಂದು ತಿಳಿಯುವವರೆಗೆ ಅವಳಿಗೆ ಸಮಾಧಾನವಿಲ್ಲ.

ಏಪ್ರಿಲ್ ಮೊದಲ ವಾರ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಧರ್ಮರಾಜ ಅಂಗೈಯಗಲದ ಹಸಿರು ಬೋರ್ಡೊಂದನ್ನು ತಂದು ಅವಳ ಮೇಜಿನ ಮೇಲಿಟ್ಟರು. ಪರದೆಯಿಲ್ಲ, ಕೀಲಿಮಣೆಯಿಲ್ಲ. ಏನು ಕೆಟ್ಟಿದೆ ಎಂದು ಅವಳು ಕೇಳಿದಳು. ಏನೂ ಕೆಟ್ಟಿಲ್ಲ, ಇದೂ ಒಂದು ಕಂಪ್ಯೂಟರೇ, ರಜೆ ಮುಗಿಯುವ ತನಕ ನಿಮ್ಮ ಅಂಗಡಿಯಲ್ಲಿ ಚಾಲೂ ಇರಲಿ ಎಂದರು ಅವರು. ಕಾಲೇಜಿಗೆ ಬೀಗ ಬೀಳುತ್ತದೆ. ಸಿಂದಗಿಯ ಅವರ ಮನೆಯಲ್ಲಿ ಮೇಲಿನ ಅಂತಸ್ತು ಕಟ್ಟುವ ಕೆಲಸ ನಡೆದು ಕರೆಂಟು ತೆಗೆಯುವುದೇ ಹೆಚ್ಚು. ಇಲ್ಲಾದರೆ ಇನ್ವರ್ಟರ್ ಇದೆ, ಇಂಟರ್ನೆಟ್ ಇದೆ.

"ಇದೇನ್ ಮಾಡ್ತೈತ್ರಿ ಸರ್?"

"ಲೆಕ್ಕ ಮಾಡ್ತೈತ್ರಿ ಅಕ್ಕಾರ. ನಮ್ಮದಲ್ಲ, ಮಂದೀದು."

ಆಮೇಲೆ ಅವರು ಬಿಡಿಸಿ ಹೇಳಿದರು. ಎಲ್ಲೋ ದೂರದಲ್ಲಿ ದೊಡ್ಡ ದೊಡ್ಡ ಆಂಟೆನಾಗಳು ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿದಿಡುತ್ತವೆ. ಸತ್ತ ನಕ್ಷತ್ರಗಳಲ್ಲಿ ಕೆಲವು ಗರಗರ ತಿರುಗುತ್ತ, ಗಡಿಯಾರದ ಹಾಗೆ ತಪ್ಪದೆ ಮಿಡಿಯುತ್ತಿರುತ್ತವೆ. ಆ ಗದ್ದಲದೊಳಗಿಂದ ಇಂಥ ಮಿಡಿತವನ್ನು ಹೆಕ್ಕಬೇಕು. ವಿಜ್ಞಾನಿಗಳ ಕಂಪ್ಯೂಟರುಗಳಿಗೆ ಅಷ್ಟೂ ಕೆಲಸ ಮುಗಿಯುವುದಿಲ್ಲವೆಂದು ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ಜಗತ್ತಿನ ತುಂಬ ಮನಸ್ಸಿದ್ದವರ ಯಂತ್ರಗಳಿಗೆ ಹಂಚುತ್ತಾರೆ. ಒಂದು ತುಂಡಿಗೆ ಈ ಬೋರ್ಡು ಅರ್ಧ ದಿನ ತೆಗೆದುಕೊಳ್ಳುತ್ತದೆ.

ರೇಡಿಯೊ ಎಂಬ ಮಾತು ಕಿವಿಗೆ ಬಿದ್ದದ್ದೇ ನಬಿಸಾಬರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಯಾವ ಸ್ಟೇಷನ್ರಿ ಅದು?"

ಧರ್ಮರಾಜ ನಗಲಿಲ್ಲ. "ಯಾರೂ ಇನ್ನೂ ಹೆಸರಿಡದ ಸ್ಟೇಷನ್ ಹುಡುಕೂ ಕೆಲಸರಿ ಕಾಕಾ," ಎಂದರು.

ಮೇಷ್ಟ್ರು ಅಡಾಪ್ಟರ್ ತರಲು ಮರೆತಿದ್ದರು. ತರನ್ನುಮ ಅಂಗಡಿಯ ಮುಂಗಟ್ಟೆಯಲ್ಲಿದ್ದ ಎರಡು ಕಿಂಡಿಯ ಮೊಬೈಲ್ ಚಾರ್ಜರಿಗೇ ಬೋರ್ಡನ್ನು ಜೋಡಿಸಿದಳು. ಕೆಂಪು ದೀಪ ಹತ್ತಿತು. ಅದರ ಪಕ್ಕದ ಹಸಿರು ದೀಪ ಮಿಟುಕಿತು. ಕೆಲಸ ಎಲ್ಲಿಗೆ ಬಂತೆಂದು ಮೊಬೈಲಿನಲ್ಲಿ ನೋಡುವುದನ್ನೂ ಅವರು ಹೇಳಿಕೊಟ್ಟು ಹೋದರು.

ಅವಳನ್ನು ಹಿಡಿದು ಕೂರಿಸಿದ್ದು ಮೊಬೈಲಿನ ಆ ಪುಟವೇ. ಒಂದೊಂದು ತುಂಡನ್ನೂ ಇಬ್ಬರಿಗೆ ಕೊಡುತ್ತಾರೆ; ಎರಡೂ ಉತ್ತರ ತಾಳೆಯಾದರೆ ಮಾತ್ರ ಒಪ್ಪುತ್ತಾರೆ. ಮೊದಲ ತುಂಡಿನ ಜೋಡಿ ಫಿನ್ಲೆಂಡಿನದು, ಎರಡನೆಯದು ಬ್ರೆಜಿಲಿನದು. ಯಾರವರು, ಅವರ ಯಂತ್ರ ಎಲ್ಲಿ ಕೂತಿದೆ, ಅಡುಗೆಮನೆಯಲ್ಲೋ ಸಾಲೆಯಲ್ಲೋ? ಬಿಚ್ಚಿದ ಮಿಕ್ಸರನ್ನು ಮುಂದಿಟ್ಟುಕೊಂಡೇ ಅವಳು ಯೋಚಿಸುವಳು. ಹೊಸ ದೇಶದ ಹೆಸರು ಬಂದಾಗ ತಂದೆಗೆ ಓದಿ ಹೇಳುವಳು. ನಬಿಸಾಬರು ಒಂದು ಕಾಲಕ್ಕೆ ಆ ದೇಶದ ದನಿ ಶಾರ್ಟ್‌ವೇವಿನಲ್ಲಿ ಎಷ್ಟು ಸ್ಪಷ್ಟ ಕೇಳುತ್ತಿತ್ತು, ಎಲ್ಲಿ ಕೊರಕೊರ ಅನ್ನುತ್ತಿತ್ತು ಎಂದು ನೆನಪಿಸಿಕೊಳ್ಳುವರು.

ಎರಡನೇ ವಾರ ಒಂದು ಉತ್ತರ ತಾಳೆಯಾಗಲಿಲ್ಲ. ಮತ್ತೊಂದು. ಮೇ ಹುಟ್ಟುವಷ್ಟರಲ್ಲಿ ಏಳು. ಮೂರನೆಯ ಯಂತ್ರಕ್ಕೆ ಅದೇ ತುಂಡು ಕೊಟ್ಟು ನೋಡಿದಾಗ ಏಳರಲ್ಲೂ ತಪ್ಪಿದ್ದು ಮುದ್ದೇಬಿಹಾಳದ್ದೇ.

ಅವಳು ಸಿಂದಗಿಗೆ ಫೋನು ಹಚ್ಚಿದಳು. ಧರ್ಮರಾಜ ಹಗುರವಾಗಿ ತೆಗೆದುಕೊಂಡರು: ಬಿಸಿಲಿಗೆ ಹಾಗಾಗಿರಬಹುದು, ತಪ್ಪು ಉತ್ತರ ಯಾರನ್ನೂ ದಾರಿ ತಪ್ಪಿಸುವುದಿಲ್ಲ, ಅದಕ್ಕೇ ಮೂರನೆಯವರಿದ್ದಾರೆ, ಬಿಡಿ.

"ಮೂರನೇದವ್ರು ಸರಿ ಮಾಡ್ತಾರ, ಖರೇ," ಎಂದಳು ತರನ್ನುಮ. "ಆದ್ರ ನಮ್ಮದ ಯಾಕ ತಪ್ಪಾಕತ್ತೈತ್ರಿ?"

ರಜೆ ಮುಗಿದ ಮೇಲೆ ನೋಡೋಣ ಎಂದರು ಅವರು.

ಅವಳು ಬಿಡಲಿಲ್ಲ. ತಪ್ಪಿದ ತುಂಡುಗಳ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ನೋಡಿದರೆ ಏಳೂ ಹಗಲಿನವು. ಬಿಸಿಲೇ ಇರಬೇಕೆಂದು ಹಳೆಯ ಆಂಪ್ಲಿಫೈಯರಿನ, ಕಾವು ಹೀರುವ ಅಲ್ಯುಮಿನಿಯಂ ಹಲ್ಲಿನ ಪಟ್ಟಿಯೊಂದನ್ನು ಕೊಯ್ದು ಬೋರ್ಡಿನ ಬೆನ್ನಿಗೆ ಕೂರಿಸಿದಳು, ಸಣ್ಣ ಫ್ಯಾನು ಹಚ್ಚಿದಳು. ಕಾವು ಎಂಬತ್ತು ಡಿಗ್ರಿಯಿಂದ ಐವತ್ತೆಂಟಕ್ಕೆ ಇಳಿಯಿತು. ಆದರೂ ಮರುದಿನ ಮತ್ತೊಂದು ತುಂಡಿನ ಉತ್ತರ ಎದುರಿನವರದಕ್ಕೆ ಹೊಂದದೆ ಉಳಿಯಿತು. ಮೂರನೆಯವರ ಉತ್ತರ ಬರಬೇಕಿತ್ತು. ಇದೂ ನಮ್ಮದೇ ತಪ್ಪಿರುತ್ತದೆ ಎಂದು ಅವಳಿಗೆ ಬೇಸರವಾಯಿತು. ತೆಗೆದಿಟ್ಟುಬಿಡೋಣವೇ ಅಂತಲೂ ಅನಿಸಿತು. ದೂರದ ಯಾರೋ ನಂಬಿ ಕೊಟ್ಟ ಕೆಲಸವನ್ನು ಹಾಳು ಮಾಡಿ ಕಳಿಸುವುದಕ್ಕಿಂತ ಮಾಡದಿರುವುದೇ ಮೇಲಲ್ಲವೇ?

ಅಂದು ಮಧ್ಯಾಹ್ನ ಬಸವನ ಬಾಗೇವಾಡಿಗೆ ಹೊರಟ ಹೆಂಗಸೊಬ್ಬಳು ಬಸ್ಸು ಬರುವ ತನಕ ಮೊಬೈಲು ಚಾರ್ಜಿಗೆ ಹಾಕಿಕೊಳ್ಳಲೇ ಎಂದು ಕೇಳಿದಳು. ನಿಲ್ದಾಣದ ಮಂದಿ ಹೀಗೆ ಕೇಳುವುದು ದಿನದ ಮಾತು. ತರನ್ನುಮ ಹೂಂ ಅಂದಳು. ಹೆಂಗಸು ಚಾರ್ಜರಿನ ಎರಡನೇ ಕಿಂಡಿಗೆ ವಯರು ಚುಚ್ಚಿದಳು. ಆ ಕ್ಷಣ ಬೋರ್ಡಿನ ಕೆಂಪು ದೀಪ ಪಕ್ಕನೆ ಆರಿ, ಮತ್ತೆ ಹತ್ತಿತು.

ತರನ್ನುಮ ಕೈಯಲ್ಲಿದ್ದದ್ದನ್ನು ಬಿಟ್ಟು ಮೀಟರ್ ಎತ್ತಿಕೊಂಡಳು. ಬೋರ್ಡಿಗೆ ಬರುತ್ತಿದ್ದದ್ದು ನಾಲ್ಕೂವರೆ ವೋಲ್ಟು. ಹೆಂಗಸಿಗೆ ಒಂದು ಗಳಿಗೆ ಮೊಬೈಲು ಕೀಳಲು ಹೇಳಿದಳು: ಐದು. ಮತ್ತೆ ಚುಚ್ಚಲು ಹೇಳಿದಳು: ನಾಲ್ಕೂವರೆ. ಹೆಂಗಸು ಗಾಬರಿಯಾಗಿ, ತನ್ನ ಮೊಬೈಲಿನಿಂದ ಏನಾದರೂ ಸುಟ್ಟಿತೇ ಎಂದು ಕೇಳಿದಳು.

"ಇಲ್ಲವ್ವಾ, ನೀ ಬಂದದ್ದ ಚಲೋ ಆತು," ಎಂದ ತರನ್ನುಮ ಅವಳ ಮೊಬೈಲನ್ನು ತಾನೇ ಒಳಗಿನ ಬೇರೆ ಪ್ಲಗ್ಗಿಗೆ ಹಾಕಿಕೊಟ್ಟಳು. ಹಗಲು ಯಾರಾದರೂ ಆ ಎರಡನೇ ಕಿಂಡಿಗೆ ಮೊಬೈಲು ಚುಚ್ಚಿದಾಗಲೆಲ್ಲ ಬೋರ್ಡಿಗೆ ಕರೆಂಟು ಸಾಲದೆ ಲೆಕ್ಕ ತಪ್ಪುತ್ತಿತ್ತು.

ಹಳೆಯ ರೌಟರೊಂದರ ಐದು ವೋಲ್ಟಿನ ಅಡಾಪ್ಟರ್ ಗುಜರಿ ಡಬ್ಬಿಯಲ್ಲಿತ್ತು. ಅದರ ಸಣಕಲು ವಯರನ್ನು ಕತ್ತರಿಸಿ, ದಪ್ಪ ತಾಮ್ರದ್ದೊಂದು ಗೇಣುದ್ದ ಬೆಸೆದಳು. ನಬಿಸಾಬರು ಬೆರಳಾಡಿಸಿ ಬೆಸುಗೆ ನುಣ್ಣಗಿದೆಯೇ ಎಂದು ಪರೀಕ್ಷಿಸಿದರು. ಮೂರನೆಯವರ ಉತ್ತರ ಬಂದು ಎಂಟನೆಯ ತಪ್ಪೂ ಮುದ್ದೇಬಿಹಾಳದ್ದೇ ಎಂದಾಯಿತು; ಆದರೆ ಬೋರ್ಡಿಗೆ ಈ ಅಡಾಪ್ಟರ್ ಹಚ್ಚಿದ ಮೇಲೆ ಒಂದು ಉತ್ತರವೂ ತಪ್ಪಲಿಲ್ಲ.

ಜೂನಿನಲ್ಲಿ ಕಾಲೇಜು ತೆರೆದಾಗ ಧರ್ಮರಾಜ ಬಂದು ಎಲ್ಲ ಕೇಳಿಸಿಕೊಂಡರು. ಬಿಸಿಲೆಂದು ಸುಮ್ಮನಾದದ್ದು ತನ್ನ ತಪ್ಪು ಎಂದು ಒಪ್ಪಿಕೊಂಡು, ಇದನ್ನು ಮಕ್ಕಳಿಗೆ ನೀವೇ ಹೇಳಬೇಕು ಎಂದು ಪಟ್ಟು ಹಿಡಿದರು. ಎಸ್ಸೆಸ್ಸೆಲ್ಸಿ ದಾಟದ ತರನ್ನುಮ ಕಾಲೇಜಿನ ಪ್ರಯೋಗಾಲಯದಲ್ಲಿ ನಿಂತು ಮೀಟರ್ ಹಿಡಿದಳು. ಮೊದಲು ಮಾತು ತಡವರಿಸಿತು; ಕೆಂಪು ದೀಪದ ವಿಷಯಕ್ಕೆ ಬಂದಾಗ ಸರಾಗವಾಯಿತು.

ಕೋಮಲ ಎಂಬ ಹುಡುಗಿ ಎದ್ದು, ಅಷ್ಟೆಲ್ಲ ಮಾಡಿದಿರಲ್ಲ, ನಕ್ಷತ್ರ ಸಿಕ್ಕಿತೇ ಎಂದು ಕೇಳಿದಳು.

"ಸಿಕ್ಕಿಲ್ಲವ್ವಾ. ನೂರಾ ಹನ್ನೊಂದು ತುಂಡು ನೋಡೇತಿ, ಒಂದ್ರಾಗೂ ಇಲ್ಲ," ಎಂದಳು ತರನ್ನುಮ. ಮೀಟರನ್ನು ಮೇಜಿನ ಮೇಲಿಟ್ಟು ಸೇರಿಸಿದಳು, "ಅಲ್ಲಿ ಇಲ್ಲ ಅನ್ನೂದು ಈಗ ಖಾತ್ರಿ ಆತು. ಇನ್ನ ಬ್ಯಾರೆ ಕಡೆ ಹುಡುಕಬೇಕು."

ಧರ್ಮರಾಜ ಕಪಾಟಿನಲ್ಲಿ ಧೂಳು ಹಿಡಿದಿದ್ದ ಅಂಥವೇ ಇನ್ನೆರಡು ಬೋರ್ಡುಗಳನ್ನು ಹೊರತೆಗೆದರು. ಅಂಗಡಿಯದು ಅಂಗಡಿಯಲ್ಲೇ ಇರಲಿ ಎಂದಾಯಿತು. ಕೋಮಲ ಮತ್ತು ಅವಳ ಗೆಳತಿಯರು ಮೇಜಿನ ಸುತ್ತ ಮುತ್ತಿಕೊಂಡರು. ತರನ್ನುಮ ವಯರು ಸುಲಿಯುವುದು ಹೇಗೆಂದು ತೋರಿಸತೊಡಗಿದಳು.