ಗುಣವತಿ ಅತ್ತೆಯ ಸ್ವರಕ್ಕೊಂದು ಪ್ರೀಆಂಪ್

ತಂಗಿ ವೀಕ್ಷಾಳ ಮದುವೆಗೆ ಮನೆಯವರೆಲ್ಲ ಕೆಲಸ ಹಂಚಿಕೊಂಡಾಗ ಮಿಥುನನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಹಗುರ ಎನಿಸಿದ ಕೆಲಸ: ಗುಣವತಿ ಅತ್ತೆಯ ಶೋಭಾನೆ ಹಾಡನ್ನು ರೆಕಾರ್ಡ್ ಮಾಡುವುದು. ಹಗಲು ಎಗ್ಮೋರಿನಲ್ಲಿರುವ ಅಪ್ಪನ ಹೋಟೆಲಿನಲ್ಲಿ ಕ್ಯಾಶ್‌ಗೆ ಕೂರುವ ಮಿಥುನನಿಗೆ ಸಂಜೆಯಾದರೆ ಸ್ವರಗಳ ಹುಚ್ಚು. ಬೆಸೆಂಟ್ ನಗರದ ಮನೆಯ ಸಣ್ಣ ಕೋಣೆಯ ಗೋಡೆಗೆ ಹಳೆಯ ಹಾಸಿಗೆ, ಕಂಬಳಿ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಯಾರೂ ಕಲಿಸಿದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು.

ಪುತ್ತೂರಿನ ಕಡೆಯ ಆ ಕುಟುಂಬದಲ್ಲಿ ಧಾರೆಯ ಹೊತ್ತಿಗೆ ಶೋಭಾನೆ ಹೇಳುವವರು ಮುತ್ತೈದೆಯರು. ಒಂದು ಕಾಲದಲ್ಲಿ ಗುಣವತಿ ಅತ್ತೆ ಹೇಳಲು ಕೂತರೆ ಬಡಿಸುವವರೂ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರನ್ನು ಯಾರೂ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ. ಅವರೇ ಮೆಲ್ಲನೆ ಅಡುಗೆಮನೆಯ ಕಡೆಗೆ ಸರಿದುಕೊಂಡಿದ್ದರು. ಆದರೆ ಅವರ ಮಡಿಲಲ್ಲೇ ಬೆಳೆದ ವೀಕ್ಷಾ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹಟ ಹಿಡಿದಳು: "ಅತ್ತೆ ಹಾಡು ಇಲ್ಲಾಮ ನಾನು ಮಂಟಪ ಹತ್ತುವುದೇ ಇಲ್ಲ."

ಅಪ್ಪ ಐತಪ್ಪ ನಡುದಾರಿ ಹುಡುಕಿದರು. "ರೆಕಾರ್ಡ್ ಮಾಡಿ ಹಾಕುವ. ಬರೀ ಸ್ವರ ಅಲ್ವಾ, ಯಾರು ಎಂತ ಹೇಳ್ತಾರೆ?"

ಮೊದಲ ಸಲ ಕೂರಿಸಿದಾಗ ಅತ್ತೆ ಹಾಡಿದ್ದು ಮಲಗಿದ ಮಗುವಿಗೂ ಎಚ್ಚರವಾಗದಷ್ಟು ಸಣ್ಣಗೆ.

"ಸ್ವಲ್ಪ ಜೋರು ಹೇಳಿ ಅತ್ತೆ."

"ಕೆಳಗಿನ ಮನೆಯ ಜಯಲಕ್ಷ್ಮಮ್ಮನಿಗೆ ಕೇಳ್ತದೆ ಮಾರಾಯ. ಇಷ್ಟು ಸಾಕು."

ವಯಸ್ಸಾಯಿತು, ಸ್ವರ ಇಳಿದಿದೆ ಎಂದುಕೊಂಡ ಮಿಥುನ್. ಮೈಕ್ ಹಿಡಿದ ಸಣ್ಣ ಸದ್ದನ್ನು ಎತ್ತಿ ದೊಡ್ಡದು ಮಾಡುವ ಪೆಟ್ಟಿಗೆಗೆ ಪ್ರೀಆಂಪ್ ಎನ್ನುತ್ತಾರೆ. ಅವನಲ್ಲಿದ್ದ ಅಗ್ಗದ್ದನ್ನು ಪೂರ್ತಿ ತಿರುಗಿಸಿದರೆ ಸ್ವರದ ಜೊತೆ 'ಸ್ಸ್' ಎಂದು ಅದರದೇ ಉಸಿರೂ ಏಳುತ್ತಿತ್ತು. ಶೋಭಾನೆಯಲ್ಲಿ ಒಂದು ಸಾಲು ಹೇಳಿ, ಉಳಿದ ಹೆಂಗಸರು ಸೊಲ್ಲು ಸೇರಿಸಲೆಂದು ಅತ್ತೆ ನಿಲ್ಲಿಸುವ ಪದ್ಧತಿ. ಆ ಖಾಲಿ ಜಾಗದಲ್ಲೆಲ್ಲ ದೋಸೆಕಾವಲಿಗೆ ನೀರು ಚಿಮುಕಿಸಿದಂಥ ಸದ್ದು.

ಪರಿಚಯದ ಅಂಗಡಿಯ ಸಾಯಿ ಎರಡು ಪ್ರೀಆಂಪ್ ಕೊಟ್ಟು, ಮನೆಯಲ್ಲೇ ಕೇಳಿ ನೋಡಿ ಒಂದನ್ನು ಇಟ್ಟುಕೋ ಎಂದ. ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ ಅತ್ತೆ ಅದೇ ಹಾಡನ್ನು ಎರಡರಲ್ಲೂ ಅದೇ ಸಣ್ಣ ದನಿಯಲ್ಲಿ ಹೇಳಿದರು. ಆ 'ಸ್ಸ್' ಸದ್ದು ಎರಡರಲ್ಲೂ ಇರಲಿಲ್ಲ. ಆದರೆ ಮೊದಲನೆಯದು ಸ್ವರಕ್ಕೆ ಎಣ್ಣೆ ಹಚ್ಚಿ ಬಾಚಿ ಹೂ ಮುಡಿಸಿದಂತೆ ಮಾಡಿತ್ತು. ದಪ್ಪ, ಸಿಹಿ, ಹರೆಯದ ಸ್ವರ. ಎರಡನೆಯದು ತನ್ನದೇನನ್ನೂ ಸೇರಿಸಿರಲಿಲ್ಲ. ಸಾಲು ಎತ್ತುವ ಮುಂಚಿನ ಉಸಿರು, ಮೇಲೆ ಹೋದಾಗ ಒಣಗುವ ಗಂಟಲು, ಎಲ್ಲ ಇದ್ದ ಹಾಗೇ ಇತ್ತು. ಮಿಥುನ್ ಆಗಲೇ ಎರಡನೆಯದಕ್ಕೆ ಮನಸ್ಸು ಕೊಟ್ಟಿದ್ದ.

ಎರಡನ್ನೂ ಕೇಳಿ ಹೆಡ್‌ಫೋನ್ ತೆಗೆದ ಅತ್ತೆ, "ಮೊದಲಿನದ್ದೇ ಇರಲಿ" ಎಂದರು.

"ಅದರಲ್ಲಿ ನೀವೇ ಇಲ್ಲವಲ್ಲ ಅತ್ತೆ."

"ಅದಕ್ಕೇ ಹೇಳಿದ್ದು. ಯಾರೋ ಕ್ಯಾಸೆಟ್‌ನವಳು ಹೇಳಿದ ಹಾಗೆ ಉಂಟು. ಕೇಳಿದವರಿಗೆ ಮೊಬೈಲಿನಿಂದ ತೆಗೆದದ್ದು ಅಂತ ಹೇಳು. ನಾನು ಅವತ್ತು ಉಗ್ರಾಣದಲ್ಲಿ ಇರ್ತೇನೆ."

ಇಳಿದದ್ದು ಸ್ವರವಲ್ಲ, ಅತ್ತೆಯೇ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಹಾಡಿದ್ದಾರೆ ಎಂಬುದು ಮಿಥುನನಿಗೆ ಈಗ ಹೊಳೆಯಿತು. ವಾದ ಮಾಡಿ ಗೆಲ್ಲುವ ವಿಷಯ ಇದಾಗಿರಲಿಲ್ಲ. ಅಷ್ಟರಲ್ಲಿ ಟೈಲರ್ ಅಂಗಡಿಯಿಂದ ಬಂದ ವೀಕ್ಷಾಳ ಕಿವಿಗೆ ಏನೂ ಹೇಳದೆ ಹೆಡ್‌ಫೋನ್ ಇಟ್ಟು ಮೊದಲಿನದನ್ನು ಹಾಕಿದ.

"ನಲ್ಲಾ ಪಾಡ್ರಾಂಗ, ಚೆಂದ ಹಾಡ್ತಾರೆ. ಯಾರಿದು?"

ಅತ್ತೆ ಗೆದ್ದವರಂತೆ ಮಿಥುನನನ್ನು ನೋಡಿದರು. ಅವನು ಎರಡನೆಯದನ್ನು ಹಾಕಿದ. ಮೊದಲ ಪದ ಬರುವುದಕ್ಕೂ ಮೊದಲು, ಆ ಉಸಿರಿಗೇ ವೀಕ್ಷಾ ತಿರುಗಿ ಅತ್ತೆಯ ಮುಖ ನೋಡಿದಳು. ಕೈಯಲ್ಲಿದ್ದ ಬ್ಲೌಸಿನ ಚೀಲ ಕೆಳಗಿಟ್ಟು, ನೆಲದ ಮೇಲೆ ಕೂತು, ಹಾಡು ಮುಗಿಯುವವರೆಗೂ ಅಲುಗಾಡಲಿಲ್ಲ.

"ಅತ್ತೆಗೆ ಮೊದಲಿನದ್ದು ಬೇಕಂತೆ" ಎಂದ ಮಿಥುನ್.

"ಅದು ವೇಣಾಂ, ಬೇಡವೇ ಬೇಡ." ವೀಕ್ಷಾ ಕಣ್ಣೊರೆಸಿಕೊಂಡಳು. "ಆ ಹೆಂಗಸನ್ನು ನನ್ನ ಮದುವೆಗೆ ಯಾರು ಕರೆದದ್ದು?"

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

"ಇದು ಹಾಕಿದ್ರೆ ಊರಿನವರಿಗೆಲ್ಲ ನಾನೇ ಅಂತ ಗೊತ್ತಾಗ್ತದೆ."

"ಗೊತ್ತಾಗಲಿ."

"ನಿನಗೆ ಹೇಳ್ಲಿಕ್ಕೆ ಸುಲಭ. ನಾಳೆ ನಿನ್ನ ಅತ್ತೆಮನೆಯವರು ಮಾತಾಡಿದ್ರೆ?"

"ಅವರ ಹತ್ರ ಹೇಳಿಯೇ ಬಂದಿದ್ದೇನೆ, ಹಾಡುವುದು ನಮ್ಮ ಅತ್ತೆ ಅಂತ. ಫಂಕ್ಷನ್‌ಗೆ ಬೇಗ ಬರ್ತಾರಂತೆ, ಕೇಳ್ಲಿಕ್ಕೆ."

ಅತ್ತೆ ಸೆರಗಿನ ತುದಿಯನ್ನು ಬೆರಳಿನಿಂದ ಬಿಡಿಸಿಕೊಂಡರು. ಆಮೇಲೆ ಎರಡನೆಯ ಪೆಟ್ಟಿಗೆಯ ಕಡೆಗೆ ಗದ್ದ ಚಾಚಿದರು.

"ಹಾಗಾದ್ರೆ ಅದನ್ನೇ ಇಟ್ಕೊ. ಆದ್ರೆ ಈಗ ಹೇಳಿದ್ದನ್ನು ಅಳಿಸು. ಕದ್ದು ಹಾಡಿದ್ದು ಮಂಟಪಕ್ಕೆ ಆಗುವುದಿಲ್ಲ."

ಚಕ್ಕಳಮಕ್ಕಳ ಹಾಕಿ ಕೂತು, ನೀರು ಕುಡಿದು ಹಾಡು ಎತ್ತಿದರು. ಗೋಡೆಯ ಕಂಬಳಿಗಳಿಗೂ ಹಿಡಿದಿಡಲಾಗದ ಸ್ವರ. ಸದ್ದು ಮಿತಿ ಮೀರಿತೆಂದು ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಮಿಥುನ್ ಗಡಿಬಿಡಿಯಲ್ಲಿ ಗುಂಡಿಯನ್ನು ಇಳಿಸಿದ, ಇನ್ನೂ ಇಳಿಸಿದ. ಸಣ್ಣ ದನಿಗೆಂದು ಹುಡುಕಿ ತಂದದ್ದಕ್ಕೆ ಈಗ ಅರ್ಧ ಕೆಲಸವೂ ಇರಲಿಲ್ಲ.

"ಅತ್ತೆ, ಸ್ವರ ಒಡೀತಾ ಉಂಟು. ಸ್ವಲ್ಪ ದೂರ ಕೂತ್ಕೊಳ್ಳಿ."

"ನಾನು ದೂರ ಕೂತದ್ದು ಸಾಕು ಮಾರಾಯ," ಎಂದರು ಅತ್ತೆ, "ನಿನ್ನ ಮೈಕನ್ನೇ ಹಿಂದೆ ಎಳಿ."