ಗುಣವತಿಯ ಕಿವಿ

ಆಸ್ಪತ್ರೆಯ ಮೇಡಂ ಒತ್ತಿದ್ದು ಒಂದೇ ಗುಂಡಿ, ಅದೂ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ನನಗಂತೂ ಏನೂ ಕೇಳಲಿಲ್ಲ, ಆದರೆ ನನ್ನ ಮಗಳು ಗುಣವತಿ ಕೆನ್ನೆಗೆ ಹಿಡಿದಿದ್ದ ನೀಲಿ ಮಣಿಯನ್ನು ಟಣ್ಣನೆ ಡಬ್ಬಿಗೆ ಹಾಕಿಬಿಟ್ಟಳು — ಎಲಾ ಇವಳ, ಸದ್ದು ಬಂದರೆ ಮಣಿ ಹಾಕಬೇಕು, ಇದೇ ಆಟ, ಒಂದು ತಿಂಗಳಿಂದ ಕಲಿಸಿದ್ದಾರೆ, ನಾಲ್ಕು ವರ್ಷ ಗುಡುಗಿಗೂ ಬೆಚ್ಚದವಳು, ಈಗ ಡಾಕ್ಟರು ಕಿವಿಯೊಳಗೆ ಕೂರಿಸಿದ ಕೂದಲೆಳೆಯಂಥ ತಂತಿಗೆ ಕಂಪ್ಯೂಟರು ಪಿಸುಗುಟ್ಟುತ್ತದೆ, ಇವಳು ಕೇಳುತ್ತಾಳೆ, ಎಂಥ ಮಾಯೆ ಶಿವನೇ. ಇದು ಬರೀ ಮಷಿನ್ ಸದ್ದು ಯಂಕಮ್ಮ, ಈಗ ಇವಳ ಕಿವಿ ಮೇಲಿನ ಮೈಕ್ ಆನ್ ಮಾಡಿದೀನಿ, ಹಿಂದೆ ನಿಂತು ನೀವೇ ಕರೀರಿ, ಅಂದರು ನಿಖಿತಾ ಮೇಡಂ, ಮೈಸೂರಿನವರು, ಕರಿ ಅಂದದ್ದೇ ತಡ ನಾನು ಕಾಲೆತ್ತಿ ನೆಲಕ್ಕೆ ದಪ್ಪನೆ ಬಡಿದೆ — ಹಾಳು ರೂಢಿ, ಗುಡಿಸಲಲ್ಲಿ ಹಾಗೇ ಕರೆಯುವುದು, ನೆಲ ಅದುರಿದರೆ ತಿರುಗುತ್ತಾಳೆ — ಕಾಲಲ್ಲಮ್ಮ, ಬಾಯಲ್ಲಿ, ಅಂದರು ಮೇಡಂ. ಬಾಯಿ! ನಾವು ದುಡಿಯುವ ಲಿಂಗಂಪಲ್ಲಿಯ ಕಟ್ಟಡದ ಸೈಟಿನಲ್ಲಿ ನನ್ನ ಬಾಯಿಗೆ ಮೇಸ್ತ್ರಿಯೇ ಹೆದರುತ್ತಾನೆ, ಕೆಳಗೆ ನಿಂತು ಒಂದು ಕೂಗು ಹಾಕಿದರೆ ಐದನೇ ಮಾಳಿಗೆಯಿಂದ ನನ್ನ ಗಂಡ ತಾಯಪ್ಪ ರೊಟ್ಟಿಗೆ ಇಳಿದು ಬರುತ್ತಾನೆ, ಅಂಥ ಬಾಯಿಗೆ ಈಗ ಇವಳ ಹೆಸರೇ ಬರುತ್ತಿಲ್ಲ, ತೊಟ್ಟಿಲಿಗೆ ಹಾಕಿದ ದಿನ ನಾದಿನಿ ಇವಳ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದಳು, ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಕ್ಕರು, ಹೆಸರು ಒಳಗೆ ಹೋಗಲೇ ಇಲ್ಲ, ಆಮೇಲೆ ಕರೆಯುವುದನ್ನು ನಾನೂ ಬಿಟ್ಟೆ, ಯಾರನ್ನು ಕರೆಯಲಿ, ಗೋಡೆಯನ್ನೇ, ಬಿಡಬಾರದಿತ್ತು, ಎಂಥ ತಾಯಿ ನಾನು, ಮಷಿನ್ನಿಗೆ ಬಿದ್ದ ಮಣಿ ನನ್ನ ದನಿಗೆ ಬೀಳದಿದ್ದರೆ, ಆ ಹೊಲಿಗೆ, ಆ ಬೋಳಿಸಿದ ತಲೆ, ಎಲ್ಲ ಸುಳ್ಳಾದರೆ — ಅಗೋ, ಇನ್ನೊಂದು ನೀಲಿ ಮಣಿ ಎತ್ತಿ ಕೆನ್ನೆಗೆ ಹಿಡಿದಳು, ಕಾಯುತ್ತಿದ್ದಾಳೆ. ಗುಣವತೀ, ನಾ ನಿಮ್ಮವ್ವ, ಕೇಳಾಕತ್ತೈತೇನ ನನ್ನವ್ವ. ಮಣಿ ಬೀಳಲಿಲ್ಲ. ಬೀಳಲಿಲ್ಲ ಮೇಡಂ, ಅಂದೆ — ತಡೀರಿ, ಅಂದರು, ಇವಳು ಮೆಲ್ಲಗೆ ತಿರುಗಿದಳು, ತುಟಿ ಕಾಣದಂತೆ ಸೆರಗು ಬಾಯಿಗೆ ಅಡ್ಡ ಹಿಡಿದು ಇನ್ನೊಮ್ಮೆ ಕರೆದೆ, ಹುಬ್ಬು ಮೇಲೇರಿತು, ಸುಮ್ಮನಾದೆ, ಇಳಿಯಿತು, ಕರೆದೆ, ಏರಿತು, ಯಪ್ಪಾ, ಕೇಳುತ್ತದೆ, ನನ್ನ ದನಿಗೆ ಆಟವನ್ನೇ ಮರೆತಿದ್ದಾಳೆ, ಡಬ್ಬಿಯ ಕಡೆ ನೋಡುವುದೇ ಇಲ್ಲ, ಕರೆಯುತ್ತಲೇ ಇದ್ದೇನೆ, ಗುಣವತೀ, ಕೆನ್ನೆಯ ಮೇಲೆ ನೀಲಿ ಮಣಿ, ಗುಣವತೀ, ಹಾಕುವುದಿಲ್ಲ, ಕೆನ್ನೆಗೊತ್ತಿದ ನೀಲಿ ಮಣಿ —