ಐವತ್ತೆರಡನೆಯ ಪ್ಯಾರಾ

ಹದಿನೇಳನೆಯ ಪ್ಯಾರಾ ಓದಿ ಮುಗಿಯುವ ಹೊತ್ತಿಗೆ, ಬೆಳಿಗ್ಗೆ ಮೂರು ಲೋಟ ಚಹಾ ಕುಡಿದದ್ದು ಎಂಥ ತಪ್ಪು ಎಂದು ಕಂಡಕ್ಟರಮ್ಮನಿಗೆ ಗೊತ್ತಾಯಿತು. ಇನ್ನೂ ಮೂವತ್ತೈದು ಪ್ಯಾರಾ ಬಾಕಿ ಇದ್ದವು. ಸಮಿತಿಯ ಕಾರ್ಯದರ್ಶಿ ಪುಟ ತಿರುವಿ, ಪಕ್ಕದ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡ. ಆ ನೀರು ಬೀಳುವ ಸದ್ದಿಗೆ ಆಕೆ ಕಣ್ಣು ಮುಚ್ಚಿಕೊಂಡಳು.

ಕಂಡಕ್ಟರಮ್ಮ ಈಗ ಕಂಡಕ್ಟರಲ್ಲ, ಸಂಸತ್ತಿನ ಸದಸ್ಯೆ. ಇಪ್ಪತ್ತೊಂದು ವರ್ಷ ನಗರದ ಬಸ್ಸಿನಲ್ಲಿ ಟಿಕೆಟ್ ಹರಿದವಳು, ಆಮೇಲೆ ನೌಕರರ ಸಂಘ ಕಟ್ಟಿದವಳು, ಕೊನೆಗೆ ಊರಿಗೆಲ್ಲ ಆಶ್ಚರ್ಯವಾಗುವಂತೆ, ಎಲ್ಲರಿಗಿಂತ ಹೆಚ್ಚು ತನಗೇ ಆಶ್ಚರ್ಯವಾಗುವಂತೆ, ಚುನಾವಣೆ ಗೆದ್ದವಳು. ಹೆಸರು ಮಾತ್ರ ಅವಳ ಜೊತೆಗೇ ಸದನದ ಒಳಗೂ ಬಂತು. ವಿದ್ಯುತ್ತು, ಹವಾಮಾನ, ನಗರ ಯೋಜನೆ, ಈ ಮೂರನ್ನೂ ಪರಿಶೀಲಿಸುವ ಹನ್ನೊಂದು ಜನರ ಸಮಿತಿಯಲ್ಲಿ ಆಕೆಯೂ ಒಬ್ಬಳು. ವರ್ಷದಿಂದ ವರ್ಷಕ್ಕೆ ಬೇಸಿಗೆ ಉದ್ದವಾಗುತ್ತಿದೆಯಲ್ಲ, ಕರೆಂಟು ಸಾಲದಾದಾಗ ಯಾರ ಮನೆಯ ಕರೆಂಟು ಮೊದಲು ಹೋಗುತ್ತದೆ, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂದು ಸಮಿತಿ ಏಳು ತಿಂಗಳು ವಿಚಾರಣೆ ನಡೆಸಿತ್ತು. ಐವತ್ತೆರಡು ಪ್ಯಾರಾಗಳ ವರದಿ ಇವತ್ತು ಒಪ್ಪಿಗೆಯಾಗಬೇಕು. ನಾಳೆಗೆ ಸದನದ ಅವಧಿ ಮುಗಿಯುತ್ತದೆ. ಆಮೇಲೆ ಅದು ಬರೀ ರದ್ದಿ.

ಸಾಮಾನ್ಯವಾಗಿ ಇದು ಅರ್ಧ ಗಂಟೆಯ ಕೆಲಸ. ಅಧ್ಯಕ್ಷರು ಪ್ಯಾರಾದ ಸಂಖ್ಯೆ ಹೇಳುತ್ತಾರೆ, ಉಳಿದವರು ಹೂಂಗುಟ್ಟುತ್ತಾರೆ. ಆದರೆ ಇವತ್ತು ಬೆಳಿಗ್ಗೆ ಸಮಿತಿಯ ಇನ್ನೊಬ್ಬ ಸದಸ್ಯ, ಎಲ್ಲರೂ ಕಂಟ್ರಾಕ್ಟರ್ ಎಂದೇ ಕರೆಯುವ ಆಸಾಮಿ, ಎದ್ದು ನಿಂತು ಬಹಳ ವಿನಯದಿಂದ, ಇಷ್ಟು ದೊಡ್ಡ ವಿಷಯವನ್ನು ಹಾರಿಸಿಕೊಂಡು ಹೋಗುವುದು ಸರಿಯಲ್ಲ, ಒಂದೊಂದು ಅಕ್ಷರವನ್ನೂ ಓದಿಸಿ ಎಂದ. ಸದಸ್ಯ ಕೇಳಿದರೆ ಓದಿಸಲೇಬೇಕು, ನಿಯಮ. ಕಾರ್ಯದರ್ಶಿ ಓದಲು ಶುರು ಮಾಡಿದ್ದೇ ತಡ, ಕಂಟ್ರಾಕ್ಟರ್ ತನ್ನ ಕಡೆಯ ಮೂವರನ್ನು ಕರೆದುಕೊಂಡು ಹೊರಗೆ ನಡೆದ. ಬೆಳಿಗ್ಗೆ ಬಂದಿದ್ದವರು ಎಂಟು ಜನ. ಒಳಗೆ ಉಳಿದವರು ನಾಲ್ವರು. ಸಭೆಗೆ ಕನಿಷ್ಠ ಬೇಕಾದವರೂ ನಾಲ್ವರೇ. ಒಬ್ಬರು ಬಾಗಿಲು ದಾಟಿದರೂ ಸಭೆ ಮುಗಿದಂತೆ, ಮತ್ತೆ ಕರೆಯಲು ಮೂರು ದಿನದ ನೋಟಿಸು ಬೇಕು.

ಕೂತು ವಿರುದ್ಧವಾಗಿ ಕೈ ಎತ್ತಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ವಿರುದ್ಧ ಕೈ ಎತ್ತಿದವರ ಹೆಸರು ವರದಿಯ ಹಿಂದೆ ಅಚ್ಚಾಗುತ್ತದೆ. ಎದ್ದು ಹೋದವರ ಹೆಸರು ಎಲ್ಲೂ ಬರುವುದಿಲ್ಲ. ಚುನಾವಣೆ ಎದುರಿಗಿತ್ತು, ಕಂಟ್ರಾಕ್ಟರ್ ಅಷ್ಟು ದಡ್ಡನಲ್ಲ.

ಅವನ ಕಣ್ಣು ಇದ್ದದ್ದು ಐವತ್ತೆರಡನೆಯ ಪ್ಯಾರಾದ ಮೇಲೆ. ಕಂಡಕ್ಟರಮ್ಮನ ಜೀವ ಇದ್ದದ್ದೂ ಅಲ್ಲೇ. ಕರೆಂಟು ತೆಗೆಯುವ ಸರದಿಯ ಪಟ್ಟಿಯನ್ನು ರೋಗಿಗಳನ್ನೂ ಸೆಕೆಯನ್ನೂ ನೋಡಿ ಹೊಸದಾಗಿ ಮಾಡಬೇಕು, ಅಲ್ಲಿಯವರೆಗೆ, ಈಗ ಮೊದಲು ಕರೆಂಟು ಹೋಗುವ ಲೈನುಗಳ ಮೇಲೆ ದೊಡ್ಡ ಬಡಾವಣೆಗಳಿಗೆ ಅನುಮತಿ ಕೊಡಕೂಡದು ಎಂದು ಅದರಲ್ಲಿತ್ತು. ಅಂಥದೊಂದು ಲೈನಿನ ಮೇಲೆ ಕಂಟ್ರಾಕ್ಟರನ ಸಾವಿರದ ಇನ್ನೂರು ಮನೆಗಳು ಎದ್ದು ನಿಲ್ಲಲು ಕಾಯುತ್ತಿದ್ದವು. ಅದೇ ಲೈನಿನ ಮೇಲೆ, ಬಸ್ ನೌಕರರ ವಸತಿಯ ನಾಲ್ಕನೆಯ ಮಹಡಿಯಲ್ಲಿ, ಹೋದ ಬೇಸಿಗೆಯ ಒಂದು ಮಧ್ಯಾಹ್ನ ಡ್ರೈವರಣ್ಣ ಸತ್ತಿದ್ದ.

ಡ್ರೈವರಣ್ಣ ಮತ್ತು ಆಕೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ಬಾಗಿಲ ಪಕ್ಕದ ತಗಡಿಗೆ ಆಕೆ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೊರಡು. ಹಿಂದಿನ ಗಾಡಿಯವರು ಎಷ್ಟೇ ಬೈದುಕೊಳ್ಳಲಿ, ಆ ಎರಡು ಬಡಿತ ಕೇಳದೆ ಆತ ಗಾಡಿ ಕದಲಿಸಿದವನಲ್ಲ. ನಿವೃತ್ತಿಯಾಗುವ ಹೊತ್ತಿಗೆ ರಸ್ತೆಯ ಹೊಗೆ ಕುಡಿದೂ ಕುಡಿದೂ ಶ್ವಾಸಕೋಶ ಹಾಳಾಗಿತ್ತು. ಮನೆಯಲ್ಲಿ ಆಮ್ಲಜನಕದ ಯಂತ್ರ. ಅವತ್ತು ಹತ್ತೊಂಬತ್ತು ಗಂಟೆ ಕರೆಂಟು ಹೋಯಿತು. ಸಚಿವಾಲಯದ ಕಡೆ ಒಂದು ನಿಮಿಷವೂ ಹೋಗಲಿಲ್ಲ. ಸರದಿಯ ಪಟ್ಟಿ ಮಾಡಿದವರು ಯಾರು ಎಂದು ಸಮಿತಿಯಲ್ಲಿ ಆಕೆ ಕೇಳಿದ್ದಕ್ಕೆ, ಇಲಾಖೆಯ ಅಧಿಕಾರಿ ಅದು ಮೊದಲಿನಿಂದಲೂ ಹಾಗೇ ಇದೆ ಎಂದು ಹೇಳಿ ಕನ್ನಡಕ ಒರೆಸಿಕೊಂಡಿದ್ದ. ಡ್ರೈವರಣ್ಣನ ಹೆಂಡತಿ ಇದೇ ಕೋಣೆಗೆ ಬಂದು ಎಂಟು ನಿಮಿಷ ಸಾಕ್ಷಿ ಹೇಳಿ ಹೋಗಿದ್ದಳು. ಮೆಟ್ಟಿಲಿಳಿಯುವಾಗ ಕಂಡಕ್ಟರಮ್ಮ ಅವಳ ಕೈ ಹಿಡಿದು, "ನೀವು ಹೇಳಿದ್ದು ಅಚ್ಚಾಗಿ ಬರತ್ತೆ ಅತ್ತಿಗೆ. ನಾನು ಬರಿಸ್ತೀನಿ" ಎಂದು ಮಾತು ಕೊಟ್ಟಿದ್ದಳು.

ಆ ಮಾತು ಈಗ ಕಿಬ್ಬೊಟ್ಟೆಯ ಮೇಲೆ ಕೂತಿತ್ತು. ಈ ಕಟ್ಟಡ ಕಟ್ಟಿದ ಕಾಲದಲ್ಲಿ ಹೆಂಗಸರೂ ಸದಸ್ಯರಾಗಿಬಿಟ್ಟಾರು ಎಂದು ಯಾರಿಗೂ ಹೊಳೆದಿರಲಿಲ್ಲ. ಹೆಂಗಸರ ಶೌಚಾಲಯ ಕೆಳಗಿನ ಮಹಡಿಯ ಮೂಲೆಯಲ್ಲಿತ್ತು. ಪಕ್ಕದಲ್ಲೇ ಇದ್ದಿದ್ದರೂ ಆಕೆ ಏಳುವಂತಿರಲಿಲ್ಲ, ಬಿಡಿ. ಆದರೆ ಕಂಟ್ರಾಕ್ಟರನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಬಸ್ಸಿನ ಕೊನೆಯ ನಿಲ್ದಾಣಗಳಲ್ಲಿ ಗಂಡಸರಿಗೆ ಒಂದು ಗೋಡೆಯಾದರೂ ಇರುತ್ತಿತ್ತು, ಹೆಂಗಸರಿಗೆ ಅದೂ ಇರಲಿಲ್ಲ. ಪಾಳಿಗೆ ಏಳೇಳು ಗಂಟೆ ಹಲ್ಲು ಕಚ್ಚಿ ನಿಂತೇ ಇಪ್ಪತ್ತೊಂದು ವರ್ಷ ಕಳೆದವಳು ಆಕೆ. ಈ ವಿದ್ಯೆ ಒಂದು ದಿನ ದೇಶದ ಕೆಲಸಕ್ಕೆ ಬರುತ್ತದೆ ಎಂದು ಅವಳೂ ಅಂದುಕೊಂಡಿರಲಿಲ್ಲ.

ಹೊರಗಿನಿಂದ ಮರ್ಯಾದೆ ಶುರುವಾಯಿತು. ಮೊದಲು ಚಹಾ ಬಂತು. ಹಿಂದೆಯೇ ನಿಂಬೆ ಷರಬತ್ತು ಬಂತು. ಯಾರು ಕಳಿಸಿದ್ದು ಎಂದು ಅಧ್ಯಕ್ಷರು ಕೇಳಿದರೆ, ಕಂಟ್ರಾಕ್ಟರ್ ಸಾಹೇಬರು, ಸೆಕೆ ಬಹಳ ಇದೆ ಪಾಪ ಅಂದರು, ಎಂದು ತಂದವನು ಹೇಳಿದ. ಅಧ್ಯಕ್ಷರು ನಿವೃತ್ತ ಡಾಕ್ಟರು, ನಿಧಾನಸ್ಥರು. ಲೋಟಗಳನ್ನು ಒಂದೊಂದಾಗಿ ತಮ್ಮ ಕೈಯಿಂದಲೇ ಮೇಜಿನ ಆಚೆ ತುದಿಗೆ ಸರಿಸಿದರು.

ಇಪ್ಪತ್ತೊಂಬತ್ತನೆಯ ಪ್ಯಾರಾದ ನಡುವೆ ಮೇಷ್ಟ್ರು ಕುರ್ಚಿಯ ಎರಡೂ ಕೈ ಹಿಡಿದು ಮೆಲ್ಲನೆ ಎದ್ದರು. ಮೂರನೆಯವರು ಇವರೇ. ನಲವತ್ತು ವರ್ಷ ಪಾಠ ಹೇಳಿ ರಾಜಕೀಯಕ್ಕೆ ಬಂದವರು, ವಯಸ್ಸು ಎಪ್ಪತ್ತೆರಡು, ಮೇಲೆ ಸಕ್ಕರೆ ಕಾಯಿಲೆ. ಕಂಟ್ರಾಕ್ಟರ್ ನಂಬಿಕೊಂಡದ್ದು ಈ ಸಕ್ಕರೆಯನ್ನೇ. ಎಲ್ಲಿಗೆ ಎಂದು ಕಂಡಕ್ಟರಮ್ಮ ಹುಬ್ಬಿನಲ್ಲೇ ಕೇಳಿದಳು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಕಿರುಬೆರಳು ತೋರಿಸಿದರು.

"ನಲವತ್ತು ವರ್ಷ ಹುಡುಗ್ರ ಕಿರುಬೆರಳು ನೋಡಿ, ಕೂತ್ಕೋ, ಬೆಲ್ ಹೊಡೀಲಿ ಅಂತಿದ್ದೆ ಕಣಮ್ಮಾ" ಎಂದು ಪಿಸುಗುಟ್ಟಿದರು. "ಅದರ ಶಾಪ ಇದು."

"ಕೂತ್ಕೊಳ್ಳಿ ಮೇಷ್ಟ್ರೇ. ಕಾಲ ಮೇಲೆ ಕಾಲು ಹಾಕ್ಬೇಡಿ. ಬೆನ್ನು ನೆಟ್ಟಗಿಡಿ. ಐವತ್ತೆರಡನ್ನ ನೆನೀಲೇಬೇಡಿ, ಮುಂದಿನ ಸ್ಟಾಪು ಮೂವತ್ತು, ಅಷ್ಟೇ."

ಮೇಷ್ಟ್ರು ಕೂತರು. ಕಾರ್ಯದರ್ಶಿ ಮತ್ತೆ ಹೂಜಿಗೆ ಕೈ ಹಾಕಿದ. ಆಗ ಕಂಡಕ್ಟರಮ್ಮ ತಡೆಯಲಾರದೆ, ಸ್ವಲ್ಪ ಆ ಹೂಜಿಯನ್ನು ಕಣ್ಣಿಗೆ ಕಾಣದ ಕಡೆ ಇಡುತ್ತೀರಾ ಎಂದು ಕೇಳಿಯೇಬಿಟ್ಟಳು. ಅವನು ಆಕೆಯ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ. ಯಾರ ಪರವೂ ವಹಿಸದಿರುವುದೇ ಅವನ ಸಂಬಳದ ಕೆಲಸ. ಹೂಜಿಯನ್ನು ಮೇಜಿನ ಕೆಳಗಿಟ್ಟ. ಆಮೇಲೆ ಒಂದು ಗುಟುಕು ನೀರೂ ಕುಡಿಯದೆ ಓದಿದ, ಓದುವ ವೇಗವನ್ನೂ ಒಂದಿಷ್ಟು ಹೆಚ್ಚಿಸಿದ.

ಮೂವತ್ತು, ಮೂವತ್ತೈದು, ನಲವತ್ತು. ಮೇಷ್ಟ್ರ ಹಣೆಯಲ್ಲಿ ಬೆವರು. ಒಂದೊಂದು ಪ್ಯಾರಾ ಮುಗಿದಾಗಲೂ ಕಂಡಕ್ಟರಮ್ಮ ಮೇಜಿನ ಕೆಳಗೆ ಬೆರಳು ಮಡಚುತ್ತಿದ್ದಳು. ಈ ಹಿಂಸೆಯ ಪರಿವೆಯೇ ಇಲ್ಲದವನೆಂದರೆ ನಾಲ್ಕನೆಯವನು, ಹೋಟೆಲುಗಳ ಮಾಲೀಕ. ಕಂಟ್ರಾಕ್ಟರ್ ಎದ್ದಾಗ, ನಡೀರಿ, ಹಿಂದೆಯೇ ಬಂದೆ ಎಂದವನು ಮೂರನೆಯ ಪ್ಯಾರಾಕ್ಕೇ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಕಂಟ್ರಾಕ್ಟರನ ಪಕ್ಷದವನೇ, ಆದರೂ ನಿದ್ದೆಗೆ ಪಕ್ಷವಿಲ್ಲವಲ್ಲ. ಮೇಷ್ಟ್ರು ಬಡಪೆಟ್ಟಿಗೆ ಏಳುವುದಿಲ್ಲ ಎಂದು ಗೊತ್ತಾದ ಮೇಲೆ ಕಂಟ್ರಾಕ್ಟರ್ ಇವನಿಗೆ ಫೋನು ಮಾಡತೊಡಗಿದ. ಒಳಗೆ ಬಂದು ಎಬ್ಬಿಸುವಂತಿಲ್ಲ, ಕಾಲಿಟ್ಟರೆ ತಲೆ ಲೆಕ್ಕಕ್ಕೆ ಸೇರುತ್ತದೆ. ಬಾಗಿಲ ಗಾಜಿನಾಚೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ.

ನಲವತ್ತಾರನೆಯ ಪ್ಯಾರಾದಲ್ಲಿ ಹೋಟೆಲಿನವನಿಗೆ ಎಚ್ಚರವಾಯಿತು. ಜೇಬಿನಲ್ಲಿ ಗುರುಗುಡುತ್ತಿದ್ದ ಫೋನು ನೋಡಿದ, ಗಾಜು ನೋಡಿದ, ಎದ್ದು ಬಾಗಿಲಿಗೆ ಬಂದ. ಬಾಗಿಲಿಗೆ ಅಂಟಿದಂತೆ ಇದ್ದದ್ದು ಕಂಡಕ್ಟರಮ್ಮನ ಕುರ್ಚಿ. ಎಲ್ಲಿ ಹೋದರೂ ಬಾಗಿಲ ಪಕ್ಕ ಕೂರುವುದು ಅವಳ ಹಳೆಯ ಚಾಳಿ.

"ಸ್ವಲ್ಪ ದಾರಿ ಬಿಡಿ, ಕಂಡಕ್ಟರಮ್ಮಾ. ಎರಡು ನಿಮಿಷ, ಬಂದೆ."

ಕಾರ್ಯದರ್ಶಿಯ ಓದು ನಿಂತಿತು. ಕೈ ಅಡ್ಡ ಇಡಬೇಕು ಎಂದು ಅವಳಿಗೆ ಅನಿಸಿತು. ಇಡಲಿಲ್ಲ. ಹೋಗುವವರನ್ನು ಹಿಡಿದು ಕೂರಿಸಲು ಅವಳಿಗೆ ಹಕ್ಕಿರಲಿಲ್ಲ. ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡಳು. ಹೊಟ್ಟೆಯಲ್ಲಿ ಸೂಜಿ ಆಡಿದಂತಾಯಿತು.

"ಹೋಗಿ, ನಾನು ತಡೆಯಲ್ಲ" ಎಂದಳು. "ಆದ್ರೆ ಅವತ್ತು ನಮ್ಮತ್ತಿಗೆ ಆ ಕುರ್ಚೀಲಿ ಕೂತು ಮಾತು ಬರದೆ ಗಂಟಲು ಕಟ್ಟಿದಾಗ, ಎದ್ದು ನೀರು ಕೊಟ್ಟೋರು ನೀವು. ಈ ರೂಮಲ್ಲಿ ಅವರಿಗೆ ನೆನಪಿರೋದು ನಿಮ್ಮ ಮುಖ ಒಂದೇ. ಸಿಕ್ಕಾಗೆಲ್ಲ ಕೇಳ್ತಾರೆ, ನೀರು ಕೊಟ್ಟೋರು ಚೆನ್ನಾಗಿದಾರಾ ಅಂತ."

ಅದು ನಿಜವಾಗಿತ್ತು, ಕಟ್ಟಿ ಹೇಳಿದ್ದಲ್ಲ. ಹೋಟೆಲಿನವನು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಗಾಜಿನಾಚೆ ಕಂಟ್ರಾಕ್ಟರ್ ಬಾ ಬಾ ಎಂದು ಕೈ ಆಡಿಸುತ್ತಿದ್ದ. ಕೈಯಲ್ಲಿದ್ದ ಫೋನು ಮತ್ತೊಮ್ಮೆ ಗುರುಗುಟ್ಟಿ ತಾನೇ ಸುಮ್ಮನಾಯಿತು. ಹೋಟೆಲಿನವನು ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡು, ಗಾಜಿಗೆ ಬೆನ್ನು ಮಾಡಿ, ಹೋಗಿ ತನ್ನ ಜಾಗದಲ್ಲಿ ಕೂತ.

"ಈ ಸಲ ನನಗೆ ಟಿಕೆಟ್ ಸಿಗಲ್ಲ ಕಂಡಕ್ಟರಮ್ಮಾ" ಎಂದ, ಮುಖ ಇಳಿಬಿಟ್ಟುಕೊಂಡು.

ಅದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಕ್ಕರೆ ಕೆಟ್ಟೆ ಎಂದು ತುಟಿ ಕಚ್ಚಿಕೊಂಡಳು.

ಐವತ್ತೆರಡಕ್ಕೆ ಬರುವ ಹೊತ್ತಿಗೆ ಕಾರ್ಯದರ್ಶಿಯ ಗಂಟಲು ಒಣಗಿ ಗೊರಗೊರ ಎನ್ನುತ್ತಿತ್ತು. ಪಟ್ಟಿಯ ಮಾತು, ಅನುಮತಿಯ ಮಾತು ಓದಿ, ಕೊನೆಗೆ ಸಾಕ್ಷಿಯ ಮಾತಿಗೆ ಬಂದ. "ಯಂತ್ರ ನಿಂತ ಮೇಲೆ ನಾನು ರಟ್ಟಿನಲ್ಲಿ ಗಾಳಿ ಬೀಸಿದೆ. ಐದು ಗಂಟೆ ಬೀಸಿದೆ. ಬಲಗೈ ಸೋತಾಗ ಎಡಗೈಯಲ್ಲಿ ಬೀಸಿದೆ. ಆಮೇಲೆ ಅವರು, ಸಾಕು ಬಿಡೆ, ಎಂದರು." ಅಷ್ಟನ್ನು ಓದಿ ಅವನು ಹಾಳೆ ಕೆಳಗಿಟ್ಟ. ಕಂಡಕ್ಟರಮ್ಮನಿಗೆ ಆ ಕ್ಷಣ ಹೊಟ್ಟೆಯ ನೋವು ಮರೆತುಹೋಯಿತು, ಕಣ್ಣು ತುಂಬಿತು.

ಒಪ್ಪಿಗೆಯೇ ಎಂದು ಅಧ್ಯಕ್ಷರು ಕೇಳಿದರು. ಆಕೆಯ ಕೈ ಎದ್ದಿತು. ಮೇಷ್ಟ್ರ ಕೈ ಎದ್ದಿತು, ಕಿರುಬೆರಳಲ್ಲ, ಇಡೀ ಕೈ. ಹೋಟೆಲಿನವನ ಕೈ ಅಳೆದೂ ಸುರಿದೂ ಭುಜದ ತನಕ ಬಂದು, ಆಮೇಲೆ ಪೂರ್ತಿ ಮೇಲಕ್ಕೆ ಹೋಯಿತು. ಅಧ್ಯಕ್ಷರು ತಮ್ಮದನ್ನೂ ಎತ್ತಿ, ವರದಿಗೆ ಸಹಿ ಹಾಕಿ, ಗಡಿಯಾರ ನೋಡಿ ನಾಲ್ಕು ಗಂಟೆ ಹತ್ತು ನಿಮಿಷ ಎಂದು ಬರೆದರು. ಮೇಷ್ಟ್ರು ತಮ್ಮ ಎಪ್ಪತ್ತೆರಡು ವರ್ಷವನ್ನು ಕುರ್ಚಿಯಲ್ಲೇ ಬಿಟ್ಟು ಓಡಿದರು.

ಕಂಡಕ್ಟರಮ್ಮ ಮಾತ್ರ ತಕ್ಷಣ ಹೊರಡಲಿಲ್ಲ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಸೀಟುಗಳನ್ನು ನೋಡದೆ ಅವಳು ಎಂದೂ ಬಸ್ಸು ಬಿಟ್ಟವಳಲ್ಲ. ಸೊಂಟ ಹಿಡಿದುಕೊಂಡು ಮೇಜಿನ ಸುತ್ತ ಒಂದು ಸುತ್ತು ಬಂದಳು. ಮೇಷ್ಟ್ರ ಕನ್ನಡಕ ಸಿಕ್ಕಿತು. ಅದನ್ನು ಕಾರ್ಯದರ್ಶಿಯ ಮುಂದೆ ಇಟ್ಟು, ಬಗ್ಗಿ ಹೂಜಿಯನ್ನು ಎತ್ತಿ ಅದರ ಪಕ್ಕದಲ್ಲಿಟ್ಟಳು. ಡ್ರೈವರಣ್ಣನ ಹೆಂಡತಿ ಕೂತಿದ್ದ ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿದಳು.

ಹೊರಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಖಾಲಿ ಲೋಟಗಳು ಸಾಲಾಗಿ ಬಿದ್ದಿದ್ದವು. ಬಾಗಿಲು ದಾಟುವಾಗ ಆಕೆ ಒಂದು ಕ್ಷಣ ನಿಂತು, ಪಕ್ಕದ ಹಲಗೆಗೆ ಬೆರಳಗಂಟಿನಿಂದ ಎರಡು ಸಲ ಬಡಿದಳು.

ಒಳಗೆ ಬಗ್ಗಿ ಕಾಗದ ಜೋಡಿಸುತ್ತಿದ್ದ ಕಾರ್ಯದರ್ಶಿ ತಲೆ ಎತ್ತದೆ, ಒಡೆದ ಗಂಟಲಿನಲ್ಲಿ, "ಯಾರು? ಬನ್ನಿ ಒಳಗೆ" ಎಂದ. ಆಕೆ ಆಗಲೇ ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.